ಸ್ಟೆಂಟ್ (ಮೂತ್ರ ಸರಾಗ ಹರಿಯಲು ಇಡುವ ಸಣ್ಣ ಟ್ಯೂಬ್) ಇರುವ ಮಕ್ಕಳ ಅಪ್ಪ-ಅಮ್ಮಂದಿರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 11ಕ್ಕೆ ಗುಂಪಿನ ವಿಡಿಯೋ ಕಾಲ್ ಇದೆ. ಪೈಲೋಪ್ಲಾಸ್ಟಿ (ಕಿಡ್ನಿಯಿಂದ ಮೂತ್ರನಾಳ ಶುರುವಾಗುವ ಕಡೆಯ ಅಡಚಣೆ ಸರಿಪಡಿಸುವ ಆಪರೇಷನ್) ಆದ ಮಕ್ಕಳ ಮನೆಯವರು, ಆಪರೇಷನ್‌ಗೆ ದಿನ ಗೊತ್ತಾದವರು ತಪ್ಪದೆ ಬನ್ನಿ.

ಅದಕ್ಕೆ ಮೊದಲು ಡಿಸ್ಚಾರ್ಜ್ ಸಮ್ಮರಿ ತೆಗೆದು ನೋಡಿ. ನಿಮ್ಮ ಮಗುವಿಗೆ ಇಟ್ಟಿರುವುದು ಒಳಗಿನ ಡಿಜೆ (ಡಬಲ್ ಜೆ) ಸ್ಟೆಂಟೋ, ಚರ್ಮದಿಂದ ಹೊರಗೆ ಬಂದಿರುವ ಟ್ಯೂಬೋ? ಡಿಜೆಯ ಎರಡೂ ತುದಿ ಸುರುಳಿ. ಒಂದು ಕಿಡ್ನಿಯಲ್ಲಿ, ಇನ್ನೊಂದು ಮೂತ್ರಕೋಶದಲ್ಲಿ ಕೂರುತ್ತದೆ. ಹೊರಗೆ ಏನೂ ಕಾಣುವುದಿಲ್ಲ, ಅದಕ್ಕೇ ಮರೆತುಹೋಗುವುದು! ಸಾಮಾನ್ಯವಾಗಿ 4ರಿಂದ 6 ವಾರಕ್ಕೆ ಮತ್ತೆ ಅರಿವಳಿಕೆ ಕೊಟ್ಟು, ಸಿಸ್ಟೋಸ್ಕೋಪಿ (ಮೂತ್ರದ ದಾರಿಯಿಂದ ಕ್ಯಾಮೆರಾ ಇರುವ ಸಣ್ಣ ನಳಿಕೆ ಹಾಕಿ ನೋಡುವುದು) ಮಾಡಿ ತೆಗೆಯುತ್ತಾರೆ. ತಿಂಗಳುಗಟ್ಟಲೆ ಬಿಟ್ಟರೆ ಅದರ ಮೇಲೆ ಕಲ್ಲು ಕಟ್ಟಿಕೊಳ್ಳಬಹುದು, ಆಮೇಲೆ ತೆಗೆಯುವುದು ಕಷ್ಟ. ಆ ತಾರೀಖು ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ.

ಹೊರಗಿನ ಟ್ಯೂಬ್ ತೆಗೆಯಲು ಸಾಮಾನ್ಯವಾಗಿ ಅರಿವಳಿಕೆ ಬೇಡ. ಆದರೆ ಮಗು ಎಳೆಯದಂತೆ ಕಾಯುವುದೇ ದೊಡ್ಡ ಕೆಲಸ, ಅಲ್ವಾ? ಎರಡೂ ರೂಢಿಯಲ್ಲಿವೆ. ಸುಮ್ನೆ ಹೋಲಿಸಿ ಗಾಬರಿಯಾಗಬೇಡಿ.

ಜ್ವರ, ವಾಂತಿ, ಮೂತ್ರ ಕಟ್ಟುವುದು ಕಂಡರೆ ಇಲ್ಲಿ ಕೇಳುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಬರುವವರು ಶುಕ್ರವಾರದೊಳಗೆ ‘ಡಿಜೆ’ ಅಥವಾ ‘ಹೊರಗಿನದು’ ಅಂತ ಉತ್ತರಿಸಿ, ಪ್ರಶ್ನೆಯನ್ನೂ ಜೊತೆಗೇ ಬರೆಯಿರಿ. ರಿಪೋರ್ಟಿನ ಫೋಟೋ ಮಾತ್ರ ಹಾಕಬೇಡಿ, ಮಗುವಿನ ಹೆಸರು, ವಿಳಾಸ ಎಲ್ಲ ಅದರಲ್ಲಿರುತ್ತದೆ.