ಮುಯ್ಯಿ ಪುಸ್ತಕದ ಬದಿಯಿಂದ

ಚಿ. ಪುಟ್ಟಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ.

ನೀನು ಕಳುಹಿಸಿದ ಕಾದಂಬರಿಯ ಕರಡನ್ನು ಎರಡು ಸಲ ಓದಿದೆ. ಮದುವೆಯಾಗದ ಹೆಣ್ಣುಮಗಳೊಬ್ಬಳು ಒಂದೇ ವರ್ಷದಲ್ಲಿ ಹನ್ನೊಂದು ಮದುವೆಗಳಿಗೆ ಹೋಗಿಬರುವ ಕಥೆಯನ್ನು ನಗಿಸುತ್ತಾ ಹೇಳಲು ಹೊರಟಿದ್ದೀಯೆ. ಮೊದಲ ಮೂರು ಮದುವೆಗಳಲ್ಲಿ ನಾನು ನಕ್ಕೆ, ನಾಲ್ಕನೆಯದರಿಂದ ಮುಂದೆ ನಗು ಬರಲಿಲ್ಲ. ಪ್ರತಿ ಛತ್ರದಲ್ಲೂ ಯಾರೋ ಒಬ್ಬ ಅತ್ತೆ ಎದುರಾಗಿ "ನಿನ್ನ ಮದುವೆ ಊಟ ಯಾವಾಗ ಹಾಕಿಸ್ತೀಯಮ್ಮ?" ಎನ್ನುತ್ತಾಳೆ, ನಾಯಕಿ ಹುಳ್ಳಗಾಗುತ್ತಾಳೆ. ಆ ಪ್ರಶ್ನೆ ಸುಳ್ಳಲ್ಲ, ನಿನಗೂ ನನ್ನ ಎದುರಿನಲ್ಲೇ ಎಷ್ಟೋ ಸಲ ಬಂದಿದೆ. ಆದರೆ ಹನ್ನೊಂದು ಅಡುಗೆಗೂ ಒಂದೇ ಒಗ್ಗರಣೆ ಹಾಕಿದರೆ ಉಣ್ಣುವವನು ಎಲೆ ಮಡಿಸಿ ಎದ್ದುಬಿಡುತ್ತಾನೆ. ಅದೂ ಅಲ್ಲದೆ, ಆ ನಗುವಿನ ಗುರಿ ನಾಯಕಿಯ ಕೊರತೆ ಎಂಬಂತಾಗಿದೆ. ನಾವು ನಗಬೇಕಾದದ್ದು ಛತ್ರವನ್ನು ನೋಡಿ. 1942ರಲ್ಲಿ ಶುರುವಾದ 'ಕೊರವಂಜಿ' ಹಾಸ್ಯಪತ್ರಿಕೆಯಲ್ಲಿ ಟಿ. ಸುನಂದಮ್ಮನವರು ಬರೆಯುತ್ತಿದ್ದಾಗ ಮನೆವಾರ್ತೆಯ ನಡುವೆ ನಿಂತ ಹೆಂಗಸಿನ ಕಣ್ಣಿನಿಂದಲೇ ನಗು ಹುಟ್ಟುತ್ತಿತ್ತು ಎಂಬುದನ್ನು ನೆನಪಿಟ್ಟುಕೋ.

ಕಾದಂಬರಿ ಬರೆದವನಲ್ಲದ ನನಗೆ ಇದನ್ನೆಲ್ಲ ಹೇಳುವ ಅಧಿಕಾರ ಎಲ್ಲಿಂದ ಬಂತೆಂದು ಕೇಳಬಹುದು. ಬ್ಯಾಂಕಿನಲ್ಲಿ ಲೆಕ್ಕ ಬರೆಯುವವನೆಂಬ ಒಂದೇ ಅರ್ಹತೆಯ ಮೇಲೆ ನಮ್ಮ ಬಳಗದವರು ನನ್ನನ್ನು ನಲವತ್ತು ವರ್ಷ ಮುಯ್ಯಿ ಬರೆಯುವ ಮೇಜಿನ ಹಿಂದೆ ಕೂರಿಸಿದ್ದಾರೆ. ಪನ್ನೀರು ಚಿಮುಕಿಸಿ ಕಲ್ಲುಸಕ್ಕರೆ ಕೊಡುವವರ ಪಕ್ಕದಲ್ಲೇ ನನ್ನ ಜಾಗ. ಧಾರೆಯನ್ನು ನಾನು ಕಣ್ಣಾರೆ ಕಂಡದ್ದು ಕಡಿಮೆ, ಗಟ್ಟಿಮೇಳ ಕೇಳಿದಾಗ ಕೂತಲ್ಲಿಂದಲೇ ನಾಲ್ಕು ಅಕ್ಷತೆಕಾಳನ್ನು ಆ ದಿಕ್ಕಿಗೆ ಎಸೆದು ಮತ್ತೆ ಪೆನ್ನು ಹಿಡಿದಿದ್ದೇನೆ. ಒಮ್ಮೆಯಂತೂ ಮೇಲೊಂದು ಕೆಳಗೊಂದು ಮದುವೆಯಿದ್ದ ಛತ್ರದಲ್ಲಿ ತಪ್ಪು ಮೇಜಿಗೆ ಹೋಗಿ ಕೂತು, ಗುರುತಿಲ್ಲದವರ ಮುಯ್ಯಿಯನ್ನು ಅರ್ಧ ಗಂಟೆ ಅಚ್ಚುಕಟ್ಟಾಗಿ ಬರೆದುಕೊಟ್ಟು ಬಂದವನು ನಾನು. ಬೇಕಿದ್ದರೆ ಈ ಪ್ರಸಂಗವನ್ನು ಬಳಸಿಕೋ, ಹೆಸರು ಮಾತ್ರ ಹಾಕಬೇಡ.

ಆ ಪುಸ್ತಕದ ಗುಟ್ಟು ಹೇಳುತ್ತೇನೆ, ನಿನ್ನ ಕಥೆಯ ಬೆನ್ನುಮೂಳೆ ಅಲ್ಲಿದೆ. ಹಾಳೆಯ ನೆತ್ತಿಯಲ್ಲಿ 'ಶ್ರೀ', ಮೂಲೆಗೆ ಅರಿಸಿನ, ಕೆಳಗೆ ಹೆಸರು, ಊರು, ಮೊತ್ತ. ಐವತ್ತೊಂದು, ನೂರೊಂದು, ಐನೂರೊಂದು. ಆ ಕೊನೆಯ ಒಂದು ರೂಪಾಯಿ ಲೆಕ್ಕವನ್ನು ಮುಗಿಯಗೊಡುವುದಿಲ್ಲ. ಇಂದು ನೀನು ಮಾಡಿದ್ದನ್ನು ನಾಳೆ ನಿನ್ನ ಮನೆಯ ಮದುವೆಯಲ್ಲಿ ನಾನು ತೀರಿಸಬೇಕು, ಅದಕ್ಕೇ ಅದಕ್ಕೆ ಮುಯ್ಯಿ ಎಂದು ಹೆಸರು. ಈಗ ನಿನ್ನ ನಾಯಕಿಯನ್ನು ಈ ಪುಸ್ತಕದಲ್ಲಿ ಹುಡುಕು. ಗೆಳತಿಯರ ಮದುವೆ, ಅವರ ತಂಗಿಯರ ಮದುವೆ, ಆಮೇಲೆ ಅವರ ಮಕ್ಕಳ ನಾಮಕರಣ, ಹೀಗೆ ಹದಿನೈದು ವರ್ಷ ಅವಳು ಬರೆಸಿದ್ದೇ ಬರೆಸಿದ್ದು, ಅವಳ ಹೆಸರಿಗೆ ಜಮೆಯ ಕಡೆ ಒಂದು ಕಾಸೂ ಬಂದಿಲ್ಲ. "ನನ್ನ ಬಾಕಿ ಎಲ್ಲಿ?" ಎಂದು ಅವಳೊಮ್ಮೆ ಮೇಜಿಗೆ ಬಂದು ಗಂಭೀರವಾಗಿ ಕೇಳಲಿ, ಬರೆಯುವವನು ಕಕ್ಕಾಬಿಕ್ಕಿಯಾಗಲಿ. ಅಂಥ ಒಂದು ಪುಟ ಅತ್ತೆಯರ ಹತ್ತು ಪ್ರಶ್ನೆಗಳಿಗೆ ಸಮ.

ಶಾಸ್ತ್ರಗಳ ವಿಷಯದಲ್ಲಿ ನೀನು ಅವಸರಪಟ್ಟಿದ್ದೀಯೆ. ಮಾಂಗಲ್ಯಧಾರಣೆಯಾದ ಕೂಡಲೇ ಅಧ್ಯಾಯ ಮುಗಿಸಿಬಿಡುತ್ತೀಯೆ, ಆದರೆ ತಮಾಷೆ ಶುರುವಾಗುವುದೇ ಆಮೇಲೆ. 1955ರ ಹಿಂದೂ ವಿವಾಹ ಕಾಯಿದೆಯ ಏಳನೆಯ ಕಲಮಿನ ಪ್ರಕಾರ, ಸಪ್ತಪದಿಯಿರುವ ಮದುವೆ ಪೂರ್ಣವಾಗುವುದು ಏಳನೆಯ ಹೆಜ್ಜೆಯಲ್ಲಿ. ಆ ಹೊತ್ತಿಗೆ ಬಂದವರೆಲ್ಲ ಊಟದ ಮನೆಯಲ್ಲಿ, ಇನ್ನೂ ಮಜ್ಜಿಗೆ ಅನ್ನ ಕಲಸುತ್ತಿರುವವರ ಕುರ್ಚಿಯ ಬೆನ್ನು ಹಿಡಿದು ನಿಂತಿರುತ್ತಾರೆ. ಖಾಲಿ ಕುರ್ಚಿಗಳೆದುರು ನಡೆಯುವ ಆ ನಿಜವಾದ ಮದುವೆಗೆ ನಿನ್ನ ನಾಯಕಿಯೊಬ್ಬಳೇ ಸಾಕ್ಷಿಯಾಗಲಿ. ಬಳಿಕ ಪುರೋಹಿತರು ನಡುಹಗಲಿನಲ್ಲಿ ಅರುಂಧತಿಯನ್ನು ತೋರಿಸುತ್ತಾರೆ. ಸಪ್ತರ್ಷಿ ಮಂಡಲದಲ್ಲಿ ವಸಿಷ್ಠನಿಗೆ ಅಂಟಿಕೊಂಡಂತಿರುವ ಆ ಮಂಕು ಚುಕ್ಕಿಯನ್ನು ರಾತ್ರಿಯಲ್ಲಿ ಕಾಣುವುದಕ್ಕೇ ಒಳ್ಳೆಯ ಕಣ್ಣು ಬೇಕು. ಮಂತ್ರ ಹೇಳುತ್ತಾ ಅವರು ಕೈಯೆತ್ತಿದ ಕಡೆ ಸೀಲಿಂಗ್ ಫ್ಯಾನು ತಿರುಗುತ್ತಿರುತ್ತದೆ, ವಧೂವರರು "ಕಂಡಿತು" ಎನ್ನುತ್ತಾರೆ. ದಂಪತಿಗಳು ಜೊತೆಯಾಗಿ ಹೇಳುವ ಮೊದಲ ಸುಳ್ಳು ಅದೇ ಇರಬೇಕೆಂದು ನಿನ್ನ ಅತ್ತೆಗೆ ಹೇಳಿ ಬೈಸಿಕೊಂಡಿದ್ದೇನೆ.

ಹನ್ನೊಂದರಲ್ಲಿ ಒಂದು ಮಂತ್ರಮಾಂಗಲ್ಯವಾಗಿರಲಿ. ಕುವೆಂಪು ಅವರು ಆ ಕ್ರಮವನ್ನು ರೂಪಿಸಿ 1966ರಲ್ಲಿ ತಮ್ಮ ಮಗ ತೇಜಸ್ವಿಯವರ ಮದುವೆಯನ್ನೇ ಹಾಗೆ ನಡೆಸಿದರು. ಅಲ್ಲಿ ವಾದ್ಯದ ಅಬ್ಬರವಿಲ್ಲ, ಮುಯ್ಯಿಯ ಮೇಜೂ ಇಲ್ಲವಾದ್ದರಿಂದ ನನಗೆ ಕೆಲಸವಿಲ್ಲ. ಉಳಿದ ಹತ್ತು ಕಡೆ ಓಲಗದಲ್ಲಿ ಮುಳುಗಿಹೋದ ಮಾತುಗಳನ್ನು ಅವಳು ಇಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಕೇಳಿಸಿಕೊಳ್ಳಲಿ. ಆಗ ಅವಳ ಮನಸ್ಸಿನಲ್ಲಿ ಏನಾಗುತ್ತದೆ ಎಂಬುದನ್ನು ತಮಾಷೆ ಬಿಟ್ಟು ಬರೆ.

ಇನ್ನು ನಿನ್ನ ನಾಯಕ. ಆರತಕ್ಷತೆಗೆ ಬಿಳಿ ಕಾರಿನಲ್ಲಿ ಬಂದು ವೇದಿಕೆಯೇರಿ ಫೋಟೋ ತೆಗೆಸಿಕೊಳ್ಳುವ ಆ ಹುಡುಗ ನನಗೆ ಹಿಡಿಸಲಿಲ್ಲ. ಮದುವೆಮನೆಯಲ್ಲಿ ಗಂಡ, ಕೂಸು ಎಂಬ ನೆಪವಿಲ್ಲದ ಹೆಣ್ಣುಮಗಳಿಗೆ ತಪ್ಪದೆ ಒಂದು ವಸ್ತು ಸಿಗುತ್ತದೆ, ಒಡವೆಯಿಟ್ಟ ಕೋಣೆಯ ಬೀಗದ ಕೈ. ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಅವಳು ಬಾಗಿಲಲ್ಲಿ ಕೂತಿರುವಾಗ, ಗಂಡಿನ ಕಡೆಯವನೊಬ್ಬ ಕಾಲುಂಗುರ ಕಾಣುತ್ತಿಲ್ಲವೆಂದು ಬೆವರೊರೆಸಿಕೊಳ್ಳುತ್ತಾ ಬರಲಿ. ಇಬ್ಬರೂ ಹೂವಿನ ಬುಟ್ಟಿಗಳನ್ನು ಸುರಿದು, ತಾಂಬೂಲದ ಚೀಲಗಳನ್ನು ಒಂದೊಂದಾಗಿ ಬಿಚ್ಚಿ ಹುಡುಕಲಿ. ಕಾಲುಂಗುರ ಅವನ ಜೇಬಿನಲ್ಲೇ ಸಿಕ್ಕರೆ ಸಾಕು. ಕೊನೆಯ ಪಂಕ್ತಿಯಲ್ಲಿ ಹೋಳಿಗೆ ಖಾಲಿಯಾಗಿ, ಬಡಿಸುವವರೂ ಸುಸ್ತಾಗಿ, ಇಬ್ಬರೂ ಬರೀ ಸಾರನ್ನ ಉಣ್ಣುವಾಗ ಅವರ ಮಾತು ಬೆಳೆಯಲಿ.

ಆಷಾಢಕ್ಕೆ ಒಂದು ಅಧ್ಯಾಯ ಬಿಡು. ಮದುವೆಯೇ ಇಲ್ಲದ ಆ ತಿಂಗಳಲ್ಲಿ ರೇಷ್ಮೆ ಸೀರೆಗಳನ್ನು ಮಡಿಕೆ ಬದಲಿಸಿ ಇಡುತ್ತಾ, ತನಗೆ ಬೇಸರವಾಗುತ್ತಿರುವುದು ಮದುವೆಗಳಿಲ್ಲವೆಂದೋ ಆ ಮನುಷ್ಯನಿಲ್ಲವೆಂದೋ ಅವಳಿಗೆ ತಿಳಿಯದಿರಲಿ. ಕೊನೆಯಲ್ಲಿ ಅವಳ ಮದುವೆ ಮಾಡಿಸುತ್ತೀಯೋ ಇಲ್ಲವೋ ನಾನು ಹೇಳುವುದಿಲ್ಲ. ಸೋದರಮಾವನಾಗಿ ನಿನ್ನ ಅಕ್ಕನನ್ನು ಮಂಟಪಕ್ಕೆ ಎತ್ತಿ ತಂದಾಗ ಹಿಡಿದುಕೊಂಡ ಸೊಂಟ ಇನ್ನೂ ಬಿಟ್ಟಿಲ್ಲವಾದ್ದರಿಂದ, ಈ ವಿಷಯದಲ್ಲಿ ನನ್ನದು ನಿಷ್ಪಕ್ಷಪಾತವಾದ ಅಭಿಪ್ರಾಯವಲ್ಲ.

ಹಳೆಯ ಎರಡು ಮುಯ್ಯಿ ಪುಸ್ತಕಗಳನ್ನು ಬೇರೆ ಪಾರ್ಸೆಲ್ಲಿನಲ್ಲಿ ಕಳುಹಿಸಿದ್ದೇನೆ. ಹಾಳೆಗಳು ಜೀರ್ಣವಾಗಿವೆ, ಮೆಲ್ಲಗೆ ತಿರುವು. ದೀಪಾವಳಿಯೊಳಗೆ ಹಿಂದಿರುಗಿಸು, ಕಾರ್ತಿಕದಲ್ಲಿ ಬಳಗದಲ್ಲೊಂದು ಮದುವೆಯಿದೆ, ಅವರು ನಮಗೆ ಎಷ್ಟು ಮಾಡಿದ್ದರೆಂದು ನಿನ್ನ ಅತ್ತೆ ನೋಡಬೇಕಂತೆ.

ಇಂತು,
ನಿನ್ನ ಮಾವ