ಗ್ಯಾಲರಿಯನ್ನು ಜನ ತುಂಬಿರುವಾಗಲೂ ಅಳೆಯಿರಿ

ಮಾನ್ಯ ಸಂಪಾದಕರೇ,

ದಸರಾ ಬಂತೆಂದರೆ ಪಾಸ್ ಸಿಗಲಿಲ್ಲ, ಗೇಟಿನಲ್ಲಿ ನೂಕುನುಗ್ಗಲು ಅಂತ ಪತ್ರಗಳು ಬರುತ್ತವೆ. ಬರಲೇಬೇಕು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತಿದ್ದನ್ನು ಯಾರು ಮರೆಯುತ್ತಾರೆ? ಆದರೆ ಬನ್ನಿಮಂಟಪದಲ್ಲೋ ಯುವ ದಸರಾದಲ್ಲೋ ಗೇಟು ದಾಟಿ ಒಳಗೆ ಹೋದವರ ಕಾಲಕೆಳಗಿನ ಗ್ಯಾಲರಿ ಎಷ್ಟು ಅಲುಗುತ್ತದೆ ಅಂತ ಕೇಳುವವರು ಕಮ್ಮಿ.

ಕೂತ ಜನರ ತೂಕ ಬೇರೆ, ಕುಣಿಯುವ ಜನರ ಹೊಡೆತ ಬೇರೆ. ಜೋರಾಗಿ ಎಗರುವವನು ಕಾಲೂರುವ ಗಳಿಗೆಯಲ್ಲಿ ತನ್ನ ತೂಕದ ಮೂರು ಪಟ್ಟು ಬಲ ಹಾಕಬಲ್ಲ. ಸುಮ್ನೆ ಗದ್ದಲ ಮಾಡುವಾಗ ಒಬ್ಬ ಮೇಲೆ ಹೋದರೆ ಇನ್ನೊಬ್ಬ ಕೆಳಗೆ ಬರುತ್ತಾನೆ, ಹಾಗಾಗಿ ಅಷ್ಟು ತೊಂದರೆ ಇಲ್ಲ. ಹಾಡು ಶುರುವಾದರೆ ಎಲ್ಲರದ್ದೂ ಒಂದೇ ತಾಳ, ಸೆಕೆಂಡಿಗೆ ಸುಮಾರು ಎರಡು ಸಲ. ಪ್ರತಿ ಗ್ಯಾಲರಿಗೂ ತನ್ನದೇ ಅಲುಗಾಟದ ವೇಗ, ಅಂದರೆ ಸೆಕೆಂಡಿಗೆ ಎಷ್ಟು ಸಲ ಅಲುಗುತ್ತದೆ ಅನ್ನುವ ಲೆಕ್ಕ, ಇರುತ್ತದೆ. ಅದು ಈ ತಾಳಕ್ಕೋ ಅದರ ಎರಡರಷ್ಟಕ್ಕೋ ಹತ್ತಿರವಿದ್ದರೆ ಒಂದೊಂದು ಎಗರಿಗೂ ಅಲುಗಾಟ ಬೆಳೆಯುತ್ತಾ ಹೋಗುತ್ತದೆ. ಅದಕ್ಕೇ ಬ್ರಿಟನ್ನಿನ ಎಂಜಿನಿಯರುಗಳ ಮಾರ್ಗಸೂಚಿಯಲ್ಲಿ ಆಟದ ಗ್ಯಾಲರಿಯ ಅಲುಗಾಟದ ವೇಗಕ್ಕೆ ಸೆಕೆಂಡಿಗೆ 3.5 ಸಲ, ಪಾಪ್ ಸಂಗೀತಕ್ಕಾದರೆ 6 ಸಲ ಅನ್ನುವ ಗಡಿ ಇದೆ. ಅದಕ್ಕಿಂತ ಕಮ್ಮಿ ಇದ್ದರೆ ಬೇರೆಯಾಗಿ ಲೆಕ್ಕ ಹಾಕಬೇಕು.

ಪೈಪು, ಹಲಗೆ ಜೋಡಿಸಿ ನಿಲ್ಲಿಸುವ ತಾತ್ಕಾಲಿಕ ಗ್ಯಾಲರಿಯ ಬಗ್ಗೆ ನನಗೆ ಭಯ ಜಾಸ್ತಿ. ಅದು ಮೇಲೆ ಕೆಳಗೆ ಅಲುಗುವುದಕ್ಕಿಂತ ಪಕ್ಕಕ್ಕೆ ವಾಲಾಡುವುದು ಅಪಾಯ. ಅಡ್ಡಪೈಪು ಕಮ್ಮಿ ಹಾಕಿದ್ದರೆ, ಕ್ಲಾಂಪು ಸಡಿಲವಾದರೆ ಕಥೆ ಮುಗಿಯಿತು. 1992ರಲ್ಲಿ ಫ್ರಾನ್ಸಿನ ಕಾರ್ಸಿಕಾ ದ್ವೀಪದಲ್ಲಿ ಅವಸರದಲ್ಲಿ ಕಟ್ಟಿದ ಇಂಥದೇ ಗ್ಯಾಲರಿ ಫುಟ್‌ಬಾಲ್ ಪಂದ್ಯ ಶುರುವಾಗುವ ಮೊದಲೇ ಕುಸಿದು ಎರಡು ಸಾವಿರಕ್ಕೂ ಜಾಸ್ತಿ ಜನ ಗಾಯಗೊಂಡರು. ಕಾಂಕ್ರೀಟಾದರೆ ಚಿಂತೆಯಿಲ್ಲ ಅಂತಲೂ ಅಲ್ಲ. 2007ರಲ್ಲಿ ಬ್ರೆಜಿಲ್‌ನ ಸಾಲ್ವಡಾರ್‌ನಲ್ಲಿ ಅಭಿಮಾನಿಗಳು ಕುಣಿಯುತ್ತಿದ್ದಾಗ ಶಿಥಿಲವಾಗಿದ್ದ ಗ್ಯಾಲರಿಯ ಒಂದು ತುಂಡು ಕಳಚಿಬಿದ್ದು 7 ಜನ ಸತ್ತರು.

ಖಾಲಿ ಗ್ಯಾಲರಿಯನ್ನು ನೋಡಿ ಸರ್ಟಿಫಿಕೇಟ್ ಕೊಟ್ಟರೆ ಅರ್ಧ ಕೆಲಸ ಮಾತ್ರ. ಜನ ತುಂಬಿದಾಗ ಅದು ಬೇರೆಯೇ ಗ್ಯಾಲರಿ. ತೂಕ ಸೇರಿ ಅಲುಗಾಟದ ವೇಗ ಸಾಮಾನ್ಯವಾಗಿ ಇಳಿಯುತ್ತದೆ. ಸುಮ್ಮನೆ ಕೂತವರ, ನಿಂತವರ ಮೈ ಒಂದಷ್ಟು ಕಂಪನವನ್ನು ಹೀರಿಕೊಳ್ಳುತ್ತದೆ, ಅದೇ ಜನ ಎಗರತೊಡಗಿದರೆ ಕಂಪನ ಹುಟ್ಟಿಸುವವರೂ ಅವರೇ. ಆದ್ದರಿಂದ ಸೆನ್ಸರ್ ಇಟ್ಟು ಮೂರು ಹೊತ್ತಿನಲ್ಲಿ ಅಳೆಯಬೇಕು: ಜನ ಬರುವ ಮುಂಚೆ, ಕಾರ್ಯಕ್ರಮ ನಡೆಯುವಾಗ, ಎಲ್ಲರೂ ಹೋದ ಮೇಲೆ. ನಡುವೆ ವೇಗ ಇಳಿದಿದ್ದನ್ನು ನೋಡಿ ಗಾಬರಿಯಾಗಬೇಕಿಲ್ಲ. ಜನ ಹೋದ ಮೇಲೂ ಮೊದಲಿನ ಅಂಕಿಗೆ ವಾಪಸ್ ಬರದಿದ್ದರೆ ಮಾತ್ರ ಎಲ್ಲೋ ಬೋಲ್ಟು ಸಡಿಲವಾಗಿರಬಹುದು, ಬಿರುಕು ಬಿಟ್ಟಿರಬಹುದು, ಮಾರನೇ ದಿನದ ಕಾರ್ಯಕ್ರಮಕ್ಕೆ ಮುಂಚೆ ಹುಡುಕಲೇಬೇಕು.

ಇದಕ್ಕೆ ದೊಡ್ಡ ಖರ್ಚೇನೂ ಬೇಡ. ಕಂಪನ ಅಳೆಯುವ ಸೆನ್ಸರ್ ಈಗ ಹೆಚ್ಚುಕಮ್ಮಿ ಎಲ್ಲ ಸ್ಮಾರ್ಟ್‌ಫೋನಿನಲ್ಲೂ ಇದೆ, ಒಳ್ಳೆಯ ಉಪಕರಣವನ್ನು ಎಂಜಿನಿಯರಿಂಗ್ ಕಾಲೇಜುಗಳಿಂದ ತರಿಸಬಹುದು. ಮೈಸೂರಿನಲ್ಲಿ ಎನ್‌ಐಇ, ಎಸ್‌ಜೆಸಿಇ ಇವೆ, ಮಂಡ್ಯದಲ್ಲಿ ಪಿಇಎಸ್ ಇದೆ. ಸಿವಿಲ್ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಇದೆಯಾ? ಮಂಡ್ಯದ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲೂ ಮಾಡಲಿ.

ಜಿಲ್ಲಾಡಳಿತಕ್ಕೆ ನನ್ನ ಕೋರಿಕೆ ಇಷ್ಟು. ಗ್ಯಾಲರಿ ಟೆಂಡರಿನಲ್ಲಿ ಕುಣಿತದ ಲೆಕ್ಕವನ್ನೂ ಕೇಳಿ. ಅಲುಗಾಟ ಇಷ್ಟು ದಾಟಿದರೆ ಹಾಡು ನಿಲ್ಲಿಸಬೇಕು ಅಂತ ಮೊದಲೇ ಗಡಿ ಬರೆದಿಡಿ, ಆ ಅಧಿಕಾರವನ್ನು ಸೌಂಡ್ ಸಿಸ್ಟಮ್ ಪಕ್ಕದಲ್ಲೇ ನಿಲ್ಲುವ ಒಬ್ಬ ಎಂಜಿನಿಯರಿಗೆ ಕೊಡಿ.

– ಒಬ್ಬ ಓದುಗ, ಮೈಸೂರು