ಬೆಳಕಿನ ಹೊತ್ತೆಲ್ಲ ಊಟದ ಮೇಜಿಗೆ ಹೋದ ಚಿತ್ರಕಲಾ ಪ್ರವಾಸ: ಒಂದು ದೂರು ಪತ್ರ

ಮೈಸೂರು
14-7-2025

ಇವರಿಗೆ,
ವ್ಯವಸ್ಥಾಪಕ ನಿರ್ದೇಶಕರು,
ಪ್ರವಾಸ ಸಂಸ್ಥೆಯ ಪ್ರಧಾನ ಕಚೇರಿ,
ಬೆಂಗಳೂರು

ವಿಷಯ: ಫ್ರಾನ್ಸಿನ ಕಾಲುವೆಗಳಲ್ಲಿ ನಡೆದ ಬಾರ್ಜ್ ಚಿತ್ರಕಲಾ ಪ್ರವಾಸದಲ್ಲಿ ಆದ ಸೇವಾ ನ್ಯೂನತೆ ಮತ್ತು ಹಣ ಮರುಪಾವತಿ ಕುರಿತು

ಮಾನ್ಯರೇ,

ನಿಮ್ಮ ಸಂಸ್ಥೆ ಜೂನ್ 15ರಿಂದ 21ರವರೆಗೆ ಏರ್ಪಡಿಸಿದ್ದ ಬಾರ್ಜ್ (ಕಾಲುವೆಯ ಉದ್ದನೆಯ ದೋಣಿ) ಚಿತ್ರಕಲಾ ವಿಹಾರಕ್ಕೆ ಹೋಗಿ ಬಂದ ಎಂಟು ಜನರಲ್ಲಿ ನಾನೂ ಒಬ್ಬಳು. ವಿಮಾನದ ಟಿಕೆಟ್ ಮತ್ತು ವೀಸಾ ಖರ್ಚು ಬಿಟ್ಟು 3,85,000 ರೂಪಾಯಿಯನ್ನು ಎರಡು ಕಂತುಗಳಲ್ಲಿ ಕಟ್ಟಿದ್ದೇನೆ. ಸರ್ಕಾರಿ ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಚಿತ್ರಕಲೆ ಕಲಿಸಿ ನಿವೃತ್ತಳಾದಾಗ ಕೈಗೆ ಬಂದ ಹಣದಲ್ಲಿ ನನ್ನದೇ ಆಸೆಗೆಂದು ತೆಗೆದಿಟ್ಟುಕೊಂಡದ್ದು ಅಷ್ಟೇ. ಹಾಗಾಗಿ ಈ ಪತ್ರವನ್ನು ಬೇಸರದಿಂದಲೂ ಸಿಟ್ಟಿನಿಂದಲೂ ಬರೆಯುತ್ತಿದ್ದೇನೆ.

ಊರಿಗೆ ಮರಳಿದ ಮೇಲೆ ನಿಮ್ಮ ಗ್ರಾಹಕ ಸೇವಾ ವಿಭಾಗಕ್ಕೆ ಫೋನ್ ಮಾಡಿದೆ. ಹವಾಮಾನವಾಗಲಿ ಕಾಲುವೆಯ ಸ್ಥಿತಿಯಾಗಲಿ ತಮ್ಮ ಕೈಯಲ್ಲಿಲ್ಲ ಎಂಬ ಉತ್ತರ ಬಂತು. ಹವಾಮಾನದ ಬಗ್ಗೆ ನನ್ನ ದೂರೇ ಇಲ್ಲ. ಮಂಗಳವಾರ, ನೀರು ಏರಿಸಿ ಇಳಿಸಿ ದೋಣಿಯನ್ನು ಬೇರೆ ಮಟ್ಟಕ್ಕೆ ದಾಟಿಸುವ ಒಂದು ಲಾಕ್‌ನ ಬಾಗಿಲು ಕೆಟ್ಟು ಎರಡು ಗಂಟೆ ನಿಲ್ಲಬೇಕಾಯಿತು, ಅದನ್ನೂ ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ದಡಕ್ಕೆ ಹಾಕುವ ಹಲಗೆ, ಊಟದ ಸಮಯ, ಗುರುಗಳ ನೇಮಕ, ಕಾಗದದ ಖರೀದಿ ಇವೆಲ್ಲ ನಿಮ್ಮ ಕೈಯಲ್ಲೇ ಇದ್ದವು. ನನ್ನ ದೂರು ಇವುಗಳ ಮೇಲೆ.

ನಿಮ್ಮ ಕೈಪಿಡಿಯ ಮೊದಲ ಪುಟದಲ್ಲೇ ಫ್ರೆಂಚ್ ಚಿತ್ರಕಾರರಾದ ದೋಬಿನ್ಯಿ ಮತ್ತು ಕ್ಲಾಡ್ ಮೋನೆ ಅವರ ಹೆಸರಿದೆ. ದೋಬಿನ್ಯಿ 1857ರಲ್ಲಿ ಒಂದು ದೋಣಿಯನ್ನೇ ಸ್ಟುಡಿಯೊ ಮಾಡಿಕೊಂಡು ವಾಝ್ ಮತ್ತು ಸೇನ್ ನದಿಗಳಲ್ಲಿ ತಿರುಗುತ್ತ ಚಿತ್ರ ಬಿಡಿಸಿದರು. ಮುಂದೆ ಮೋನೆ ಕೂಡ ಅರ್ಜಾಂತೋಯ್‌ನಲ್ಲಿ ಅಂಥದೇ ದೋಣಿ ಇಟ್ಟುಕೊಂಡರು. ಅದರಲ್ಲಿ ಕುಳಿತು ಅವರು ಕೆಲಸ ಮಾಡುವುದನ್ನು ಗೆಳೆಯ, ಚಿತ್ರಕಾರ ಎದುವಾರ್ ಮಾನೆ 1874ರಲ್ಲಿ ಚಿತ್ರಿಸಿದ್ದಾರೆ. ಈ ಕಥೆಯನ್ನು ನಾನು ಎಷ್ಟೋ ತಂಡದ ಮಕ್ಕಳಿಗೆ ಹೇಳಿದ್ದೇನೆ. ‘ಅದೇ ಪರಂಪರೆಯ ತೇಲುವ ಸ್ಟುಡಿಯೊ’ ಎಂಬ ನಿಮ್ಮ ಮಾತನ್ನು ಓದಿಯೇ ನಾನು ಹಣ ಕಟ್ಟಿದ್ದು. ಆದರೆ ಅವರು ದೋಣಿ ಮಾಡಿಸಿದ್ದು ಏಕೆ? ಬೇಕಾದ ಕಡೆ, ಬೇಕಾದ ಹೊತ್ತಿಗೆ, ನೀರಿನ ಮಟ್ಟದಲ್ಲೇ ನಿಲ್ಲಿಸಿಕೊಳ್ಳುವುದಕ್ಕೆ. ನಮ್ಮ ರುಮಾಲೆ ಚೆನ್ನಬಸವಯ್ಯನವರೂ ಬೆಂಗಳೂರಿನ ಹೂಮರಗಳ ಮುಂದೆ ಹೋಗಿ ನಿಂತೇ ಚಿತ್ರ ಬಿಡಿಸಿದವರು. ಬಯಲಿಗೆ ಹೋಗಿ ಚಿತ್ರಿಸುವವನಿಗೆ ಜಾಗಕ್ಕಿಂತ ಹೊತ್ತು ಮುಖ್ಯ. ನಡು ಮಧ್ಯಾಹ್ನ ನೆರಳೆಲ್ಲ ಕಾಲ ಕೆಳಗೆ ಸೇರಿಕೊಂಡಿರುತ್ತದೆ, ಮರಕ್ಕೂ ಗೋಡೆಗೂ ಮೈಯೇ ಇರುವುದಿಲ್ಲ. ಬೆಳಗಿನ ಎರಡು ಗಂಟೆ, ಸಂಜೆಯ ಎರಡು ಗಂಟೆ, ಅಷ್ಟೇ ಅವನ ಬಂಡವಾಳ.

ನೀವು ಆರಿಸಿದ ದಾರಿ ಇದಕ್ಕೆ ಹೇಳಿ ಮಾಡಿಸಿದಂತಿದೆ ಎಂಬುದೇ ನನಗೆ ಹೆಚ್ಚು ಸಂಕಟ ಕೊಡುವ ಸಂಗತಿ. ಬಾರ್ಜ್‌ನ ಚಾಲಕರು ಮೊದಲ ದಿನವೇ ನನಗೆ ವಿವರಿಸಿದರು. ಅಲ್ಲಿ ಲಾಕ್‌ಗಳು ಬೆಳಿಗ್ಗೆ ಒಂಬತ್ತಕ್ಕೆ ತೆರೆದು ಸಂಜೆ ಏಳರ ಸುಮಾರಿಗೆ ಮುಚ್ಚುತ್ತವೆ, ನಡುವೆ ಮಧ್ಯಾಹ್ನದ ಊಟಕ್ಕೂ ಬಿಡುವು. ಲಾಕ್ ಮುಚ್ಚಿದರೆ ದೋಣಿ ಎಲ್ಲಿದೆಯೋ ಅಲ್ಲೇ. ಅಂದರೆ ಚಿತ್ರಕಾರರಿಗೆ ಬೇಕಾದ ಮುಂಜಾನೆ ಮತ್ತು ಇಳಿಸಂಜೆಯನ್ನು ಕಾಲುವೆ ತಾನಾಗಿಯೇ ಬಿಟ್ಟುಕೊಡುತ್ತದೆ. ಜೂನ್ ತಿಂಗಳಿನಲ್ಲಿ ಅಲ್ಲಿ ಬೆಳಗಿನ ಆರಕ್ಕೆ ಮುಂಚೆಯೇ ಸೂರ್ಯ ಹುಟ್ಟುತ್ತಾನೆ, ಮುಳುಗುವುದು ರಾತ್ರಿ ಒಂಬತ್ತೂಮುಕ್ಕಾಲರ ಹೊತ್ತಿಗೆ. ಮೈಸೂರಿನಲ್ಲಿ ಸೂರ್ಯ ಇಳಿದ ಅರ್ಧ ಗಂಟೆಯಲ್ಲಿ ಕತ್ತಲು. ಅಲ್ಲಿ ಆ ಓರೆ ಬೆಳಕು ಗಂಟೆಗಟ್ಟಲೆ ನಿಲ್ಲುತ್ತದೆ, ಪಾಪ್ಲರ್ ಮರಗಳ ನೆರಳು ಕಾಲುವೆಯ ಆಚೆ ದಡದವರೆಗೆ ಚಾಚುತ್ತದೆ.

ಈ ಎರಡು ಹೊತ್ತುಗಳಲ್ಲಿ ನೀವು ನಮ್ಮನ್ನು ಎಲ್ಲಿ ಇರಿಸಿದಿರಿ? ಬೆಳಿಗ್ಗೆ ಎಂಟರವರೆಗೆ ದೋಣಿಯಿಂದ ದಡಕ್ಕೆ ಹಲಗೆಯನ್ನೇ ಹಾಕುತ್ತಿರಲಿಲ್ಲ. ವಿಮೆಯ ನಿಯಮ ಎಂದು ನಿಮ್ಮ ಪ್ರವಾಸ ವ್ಯವಸ್ಥಾಪಕರು ಹೇಳಿದರು. ಎಂಟರಿಂದ ಒಂಬತ್ತು ಉಪಾಹಾರ. ಆಮೇಲೆ ದೋಣಿ ಹೊರಡುತ್ತಿತ್ತು. ಸಂಜೆ ಏಳೂವರೆಗೆ ಎಲ್ಲರೂ ಮೇಜಿಗೆ ಬರಬೇಕು, ನಾಲ್ಕು ಸರದಿಯ ಊಟ, ಪ್ರತಿ ಸರದಿಗೂ ವೈನ್ ಬಗ್ಗೆ ಒಂದು ವಿವರಣೆ, ಏಳುವಾಗ ಒಂಬತ್ತೂವರೆ. ಕಿಟಕಿಯ ಆಚೆ ಬೆಳಕು ಹಳದಿಯಿಂದ ಕೇಸರಿಗೆ, ಕೇಸರಿಯಿಂದ ಬೂದಿಗೆ ತಿರುಗುವುದನ್ನು ಆರು ರಾತ್ರಿ ತಟ್ಟೆಯ ಮುಂದೆ ಕುಳಿತು ನೋಡಿದ್ದೇವೆ. ಚಿತ್ರ ಬಿಡಿಸಲು ಕೊಟ್ಟದ್ದು ಮಧ್ಯಾಹ್ನ ಒಂದೂವರೆಯಿಂದ ಮೂರು. 19ರಿಂದ ಫ್ರಾನ್ಸಿನಲ್ಲಿ ಬಿಸಿಗಾಳಿಯ ಅಲೆ ಶುರುವಾಗಿತ್ತು. ಆ ಬಿಸಿಲಿನಲ್ಲಿ ರೋನ್ಯಿ ಎಂಬ ಊರಿನಲ್ಲಿ ನಮ್ಮನ್ನು ಇಳಿಸಿದಾಗ ತಂಡದ 72 ವರ್ಷದ ಹಿರಿಯರೊಬ್ಬರಿಗೆ ತಲೆ ಸುತ್ತು ಬಂದು ಅವರನ್ನು ಒಳಗೆ ಕರೆದೊಯ್ಯಬೇಕಾಯಿತು. ಅವರು ಆ ದಿನ ಕುಂಚ ಮುಟ್ಟಲಿಲ್ಲ.

ರೋನ್ಯಿಯ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಫ್ರಾನ್ಸಿನ ದೊರೆ ನಾಲ್ಕನೆಯ ಹೆನ್ರಿಯ ಕಾಲದಲ್ಲಿ ಆರಂಭವಾಗಿ 1642ರಲ್ಲಿ ಸಂಚಾರಕ್ಕೆ ತೆರೆದುಕೊಂಡ ಬ್ರಿಯಾರ್ ಕಾಲುವೆಯ ಏಳು ಲಾಕ್‌ಗಳು ಅಲ್ಲಿ ಗುಡ್ಡದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ನಿಂತಿವೆ. 1887ರವರೆಗೆ ದೋಣಿಗಳು ಅವುಗಳಲ್ಲೇ ಹತ್ತಿ ಇಳಿಯುತ್ತಿದ್ದವು, ಈಗ ಬಳಕೆಯಲ್ಲಿಲ್ಲ. ಹಳೆಯ ಕಲ್ಲು, ಸಂದುಗಳಲ್ಲಿ ಹುಲ್ಲು. ಓರೆ ಬಿಸಿಲಿನಲ್ಲಿ ಏಳು ಮೆಟ್ಟಿಲಿಗೂ ಏಳು ನೆರಳು ಬೀಳುವ ಜಾಗ ಅದು. ನಾವು ಕಂಡದ್ದು ನೆತ್ತಿಯ ಬಿಸಿಲಿಗೆ ಬಿಳಿಚಿಕೊಂಡ ಒಂದು ಇಳಿಜಾರನ್ನು ಮಾತ್ರ. ದೋಣಿ ಆ ರಾತ್ರಿ ನಿಂತದ್ದು ಅಲ್ಲಿಂದ ಹತ್ತು ನಿಮಿಷದ ನಡಿಗೆಯಷ್ಟು ದೂರದಲ್ಲಿ. ಊಟವನ್ನು ಎರಡು ಗಂಟೆ ಹಿಂದೆ ಮುಂದೆ ಮಾಡಿದ್ದರೆ ಸಾಕಿತ್ತು.

ಎರಡನೆಯದು ಮೊರೇ-ಸ್ಯೂರ್-ಲುವೆಂ. ಮೊದಲ ಎರಡು ರಾತ್ರಿ ಈ ಪಟ್ಟಣದಲ್ಲಿ ತಂಗುವುದು, ಎರಡು ಸಂಜೆ ಮತ್ತು ಒಂದು ಮುಂಜಾನೆ ಸೇತುವೆಯ ಬಳಿ ಚಿತ್ರ ಬಿಡಿಸುವುದು ಎಂದು ಕೈಪಿಡಿಯಲ್ಲಿ ಅಚ್ಚಾಗಿದೆ. ಚಿತ್ರಕಾರ ಆಲ್ಫ್ರೆಡ್ ಸಿಸ್ಲೆ 1880ರಲ್ಲಿ ಈ ಸೀಮೆಗೆ ಬಂದು ನೆಲೆಸಿ 1899ರಲ್ಲಿ ಇದೇ ಊರಿನಲ್ಲಿ ತೀರಿಕೊಂಡರು. ಇಲ್ಲಿನ ಚರ್ಚನ್ನು ಬೇರೆ ಬೇರೆ ಹೊತ್ತಿನ ಬೆಳಕಿನಲ್ಲಿ ಮತ್ತೆ ಮತ್ತೆ ಚಿತ್ರಿಸಿದರು. ನನ್ನ ತರಗತಿಯ ಗೋಡೆಯ ಮೇಲೆ ವರ್ಷಗಟ್ಟಲೆ ಇದ್ದದ್ದು ಕ್ಯಾಲೆಂಡರ್‌ನಿಂದ ಕತ್ತರಿಸಿದ ಸಿಸ್ಲೆಯ ಮೊರೇ ಸೇತುವೆ. ನಾವು ಪ್ಯಾರಿಸ್ಸಿನಿಂದ ಹೊರಟಾಗ ದೋಣಿ ನೆಮೂರ್ ಎಂಬ ಬೇರೆ ಊರಿನಲ್ಲಿದೆ, ಹಿಂದಿನ ತಂಡದ ಪ್ರವಾಸ ತಡವಾಯಿತು ಎಂದರು. ಮೊರೇಯಲ್ಲಿ ವ್ಯಾನ್ ನಿಲ್ಲಿಸಿದ್ದು ನಲವತ್ತು ನಿಮಿಷ. ಚಿತ್ರ ನಿಲ್ಲಿಸಿಕೊಳ್ಳುವ ಈಸೆಲ್‌ಗಳು ದೋಣಿಯಲ್ಲಿದ್ದವು, ನಮ್ಮ ಪೆಟ್ಟಿಗೆಗಳು ಸಾಮಾನಿನ ಅಡಿಯಲ್ಲಿ. ಸೇತುವೆಯ ಕಮಾನಿನ ಕೆಳಗೆ ಲುವೆಂ ನದಿ ಹಸಿರಾಗಿ ಹರಿಯುತ್ತಿತ್ತು, ನೀರಿನಲ್ಲಿ ಚರ್ಚಿನ ಗೋಪುರ ಮುರಿದು ಮುರಿದು ಕಾಣುತ್ತಿತ್ತು. ಕೈಚೀಲದಲ್ಲಿದ್ದ ಪೆನ್ಸಿಲ್ ತೆಗೆದು ವಿಮಾನದ ಬೋರ್ಡಿಂಗ್ ಪಾಸಿನ ಹಿಂಬದಿಯಲ್ಲಿ ನಾಲ್ಕು ಗೆರೆ ಎಳೆಯುವಷ್ಟರಲ್ಲಿ ವ್ಯಾನಿನ ಹಾರ್ನ್ ಕೇಳಿಸಿತು. ತಪ್ಪಿಹೋದ ಆ ಎರಡು ರಾತ್ರಿಗಳಿಗೆ ಬದಲಾಗಿ ನೀವು ಏನನ್ನೂ ಕೊಟ್ಟಿಲ್ಲ, ಒಂದು ಕ್ಷಮೆಯ ಮಾತೂ ಬಂದಿಲ್ಲ.

ಗುರುಗಳ ವಿಚಾರದಲ್ಲಿ ಆದದ್ದನ್ನು ತಡ ಎಂದೋ ಅಚಾತುರ್ಯ ಎಂದೋ ಒಪ್ಪಿಕೊಳ್ಳಲು ಸಾಧ್ಯವಿಲ್ಲ. ‘ಪ್ರತಿದಿನ ಅನುಭವಿ ಫ್ರೆಂಚ್ ಜಲವರ್ಣ ಕಲಾವಿದರ ಮಾರ್ಗದರ್ಶನ’ ಎಂದು ನೀವು ಬರೆದಿದ್ದೀರಿ. ಅವರು ಬಂದದ್ದು ಸೋಮವಾರ ಮತ್ತು ಬುಧವಾರ, ಎರಡೇ ದಿನ. ಬಹಳ ಒಳ್ಳೆಯ ಗುರು. ನನ್ನ ಪಕ್ಕದಲ್ಲಿ ಕುಳಿತು, ಕಣ್ಣನ್ನು ಅರ್ಧ ಮುಚ್ಚಿ ನೋಡಿ ಎಂದು, ನಾನು ಕಂದು ಎಂದುಕೊಂಡಿದ್ದ ಹೆಂಚಿನ ನೆರಳಿನಲ್ಲಿ ನೇರಳೆ ಇರುವುದನ್ನು ತೋರಿಸಿದರು. ಮೂವತ್ತೊಂದು ವರ್ಷ ಕಲಿಸಿದ ಮೇಲೂ ನಾನು ಅಂದು ಹೊಸದಾಗಿ ಕಲಿತೆ. ಗುರುವಾರ ಬರುತ್ತೀರಲ್ಲವೇ ಎಂದು ಕೇಳಿದಾಗ ಅವರು ಬೆರಗಾದರು. ನಿಮ್ಮ ಸಂಸ್ಥೆ ತನ್ನನ್ನು ಕರೆದದ್ದೇ ಎರಡು ದಿನಕ್ಕೆ ಎಂದರು. ಹಾಗಿದ್ದರೆ ನಮ್ಮಿಂದ ಆರು ದಿನದ ಹಣ ಪಡೆಯುವಾಗಲೇ ನಿಮಗೆ ಇದು ತಿಳಿದಿತ್ತು. ಉಳಿದ ದಿನಗಳಲ್ಲಿ ಊಟದ ಕೋಣೆಯ ಟಿವಿಯಲ್ಲಿ ಜಲವರ್ಣ ಪಾಠದ ವಿಡಿಯೊ ಹಾಕಿದರು. ಅದನ್ನು ನಾನು ನನ್ನ ಮನೆಯಲ್ಲಿ, ಮೊಬೈಲಿನಲ್ಲಿ ನೋಡಬಲ್ಲೆ.

ಸಾಮಗ್ರಿಯೂ ಮಾತಿನಂತೆ ಇರಲಿಲ್ಲ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ತೂಕದ ಶುದ್ಧ ಹತ್ತಿಯ ಕಾಗದ ಎಂದಿದ್ದಿರಿ. ಕೊಟ್ಟದ್ದು ಶಾಲಾ ಮಕ್ಕಳ ಡ್ರಾಯಿಂಗ್ ಪುಸ್ತಕಕ್ಕಿಂತ ಸ್ವಲ್ಪ ದಪ್ಪದ, ಮರದ ತಿರುಳಿನ ಕಾಗದ. ಹತ್ತಿಯ ಕಾಗದ ನೀರನ್ನು ಒಳಗೆ ಹಿಡಿದಿಟ್ಟುಕೊಳ್ಳುತ್ತದೆ, ಆಕಾಶದ ಬಣ್ಣ ಹರಿದು ಬೆರೆಯಲು ಸಮಯ ಕೊಡುತ್ತದೆ. ಇದರ ಮೇಲೆ ಎರಡನೆಯ ವಾಶ್ (ತೆಳು ಬಣ್ಣದ ಲೇಪ) ಹಾಕುತ್ತಿದ್ದಂತೆ ಅಂಚುಗಟ್ಟಿತು, ಕುಂಚ ಇನ್ನೊಮ್ಮೆ ಆಡಿಸಿದರೆ ನಾರು ಎದ್ದು ಉಂಡೆಗಟ್ಟಿತು, ಅಂಚಿಗೆ ಅಂಟಿಸಿದ್ದ ಟೇಪ್ ತೆಗೆದಾಗ ಕಾಗದದ ಮೈಯೇ ಕಿತ್ತು ಬಂತು. ಎಂಟು ಜನಕ್ಕೆ ಇದ್ದ ಈಸೆಲ್ ಐದು. ಅದರಲ್ಲೊಂದರ ಕಾಲಿನ ತಿರುಪು ಸವೆದಿತ್ತು. ದೋಣಿಯ ಅಡುಗೆಯವರು ಅದಕ್ಕೆ ದಾರ ಬಿಗಿದುಕೊಟ್ಟರು.

ದೋಣಿಯ ಸಿಬ್ಬಂದಿಯ ಮೇಲೆ ನನ್ನ ಯಾವ ಆಕ್ಷೇಪಣೆಯೂ ಇಲ್ಲ ಎಂಬುದನ್ನು ಸ್ಪಷ್ಟವಾಗಿ ದಾಖಲಿಸುತ್ತೇನೆ. ಸಸ್ಯಾಹಾರಿಗಳಾದ ನಮಗೆ ಬೇಸರವಿಲ್ಲದೆ ಬೇರೆ ಅಡುಗೆ ಮಾಡಿ ಬಡಿಸಿದರು. ಮೂವತ್ತೆಂಟೂವರೆ ಮೀಟರ್ ಉದ್ದದ ಬಾರ್ಜನ್ನು, ಎರಡೂ ಬದಿಗೆ ನಾಲ್ಕು ಬೆರಳಿನಷ್ಟೇ ಸಂದು ಉಳಿಯುವ ಲಾಕ್‌ನೊಳಗೆ, ಗೋಡೆಗೆ ತಾಗದಂತೆ ತಂದು ನಿಲ್ಲಿಸುವ ಚಾಲಕರ ಕೈಚಳಕವನ್ನು ನಾನು ದಿನವೂ ನಿಂತು ನೋಡಿದೆ. ಅವರಿಗೆ ನೀವು ಕೊಟ್ಟ ವೇಳಾಪಟ್ಟಿಯೇ ಬೇರೆಯಾಗಿದ್ದರೆ ಅವರು ಅದನ್ನೂ ಅಷ್ಟೇ ಶ್ರದ್ಧೆಯಿಂದ ಪಾಲಿಸುತ್ತಿದ್ದರು.

ಕೊನೆಯ ರಾತ್ರಿ ದೋಣಿ ಬ್ರಿಯಾರ್‌ನಲ್ಲಿ ನಿಂತಿತು. ಅಲ್ಲಿ ಲ್ವಾರ್ ನದಿಯ ಮೇಲೆ 662 ಮೀಟರ್ ಉದ್ದದ ಜಲಸೇತುವೆಯಿದೆ. 1896ರಲ್ಲಿ ತೆರೆದದ್ದು, ಅದರ ಕಲ್ಲಿನ ಕಂಬಗಳನ್ನು ಕಟ್ಟಿದ್ದು ಐಫೆಲ್ ಅವರ ಸಂಸ್ಥೆ. ನದಿಯ ಮೇಲೆ ಇನ್ನೊಂದು ನೀರು, ಎರಡೂ ಕಡೆ ದೀಪದ ಕಂಬಗಳ ಸಾಲು. ಎರಡನೆಯ ಸರದಿಯ ಊಟ ಮುಗಿಯುತ್ತಿದ್ದಂತೆ ನಾನು ಎದ್ದು, ಮನೆಯಿಂದ ತಂದಿದ್ದ ಅಂಗೈ ಅಗಲದ ಬಣ್ಣದ ಪೆಟ್ಟಿಗೆ ಮತ್ತು ನನ್ನದೇ ಕಾಗದ ಹಿಡಿದು ಹೊರಗೆ ಹೋದೆ. ಎಂಟೂಕಾಲು. ನೀರು ತಾಮ್ರದ ತಟ್ಟೆಯಂತಿತ್ತು. ಕಂಬಗಳ ನೆರಳು ಒಂದರ ಮೇಲೊಂದು ಮಲಗಿತ್ತು. ಇಪ್ಪತ್ತೈದು ನಿಮಿಷ ಸಿಕ್ಕಿತು. ಆಕಾಶ ಹಾಕಿ, ನೀರು ಹಾಕಿ, ಬಲಗಡೆಯ ಕಂಬಗಳನ್ನು ಹಿಡಿಯುತ್ತಿದ್ದಾಗ ನಿಮ್ಮ ವ್ಯವಸ್ಥಾಪಕರು ಓಡಿ ಬಂದರು. ಊಟದ ಹೊತ್ತಿನಲ್ಲಿ ಒಬ್ಬರೇ ಹೊರಗಿರಲು ಅನುಮತಿ ಇಲ್ಲ, ಬೀಳ್ಕೊಡುಗೆಯ ಕೇಕ್ ಕತ್ತರಿಸಬೇಕು ಎಂದರು. ಎಡಗಡೆ ಬಿಳಿಯಾಗಿಯೇ ಉಳಿದ ಆ ಚಿತ್ರದ ಪ್ರತಿಯನ್ನು ಈ ಪತ್ರಕ್ಕೆ ಲಗತ್ತಿಸಿದ್ದೇನೆ. ಆ ಪ್ರವಾಸದಿಂದ ನಾನು ಮನೆಗೆ ತಂದ, ಇಟ್ಟುಕೊಳ್ಳಬಹುದಾದ ಚಿತ್ರ ಅದೊಂದೇ.

ನನ್ನ ಬೇಡಿಕೆ ಇದು. ಬಾರದ ನಾಲ್ಕು ದಿನಗಳ ಬೋಧನೆ, ಮೊರೇಯಲ್ಲಿ ಆಗದ ಎರಡು ರಾತ್ರಿಯ ತಂಗುವಿಕೆ, ಒಪ್ಪಿದ ಗುಣಮಟ್ಟದಲ್ಲಿಲ್ಲದ ಸಾಮಗ್ರಿ, ಇವುಗಳಿಗಾಗಿ 1,60,000 ರೂಪಾಯಿಯನ್ನು ನನ್ನ ಬ್ಯಾಂಕ್ ಖಾತೆಗೆ ಮರಳಿಸಬೇಕು. ಪತ್ರ ತಲುಪಿದ ಹದಿನೈದು ದಿನಗಳೊಳಗೆ ಲಿಖಿತ ಉತ್ತರ ಬೇಕು, ಫೋನಿನ ಉತ್ತರ ಬೇಡ. ಬಾರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿಯಲ್ಲಿ ಸೇವಾ ನ್ಯೂನತೆ ಮತ್ತು ಅನುಚಿತ ವ್ಯಾಪಾರ ಪದ್ಧತಿ ಎಂದು ಮೈಸೂರು ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ದಾಖಲಿಸುತ್ತೇನೆ. ದೂರುದಾರರು ವಾಸಿಸುವ ಊರಿನಲ್ಲೇ ದೂರು ಕೊಡಲು ಆ ಕಾಯ್ದೆ ಅವಕಾಶ ಮಾಡಿಕೊಟ್ಟಿದೆ. ತಂಡದ ಇನ್ನೂ ಐವರು ಸಹಿ ಹಾಕಿದ ಹೇಳಿಕೆ ನನ್ನ ಬಳಿ ಇದೆ.

ಸೆಪ್ಟೆಂಬರ್ ತಿಂಗಳ ಪ್ರವಾಸಕ್ಕೆ ನೀವು ಇದೇ ಕೈಪಿಡಿಯನ್ನು ಮತ್ತೆ ಹಂಚುತ್ತಿದ್ದೀರಿ, ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೂ ಅದು ಬಂದಿದೆ. ಗುರುಗಳು ಎಷ್ಟು ದಿನ ಇರುತ್ತಾರೆ, ದೋಣಿ ಪ್ರತಿ ಸಂಜೆ ಎಲ್ಲಿ ನಿಲ್ಲುತ್ತದೆ, ಯಾವ ಕಾಗದ ಕೊಡುತ್ತೀರಿ ಎಂಬುದನ್ನು ಇದ್ದದ್ದು ಇದ್ದ ಹಾಗೆ ಅಚ್ಚು ಮಾಡಿ. ಬೆಳಿಗ್ಗೆ ಆರಕ್ಕೆ ಹಲಗೆ ಹಾಕಿಸಿ. ರಾತ್ರಿಯ ಊಟವನ್ನು ಸೂರ್ಯ ಮುಳುಗಿದ ಮೇಲೆ ಬಡಿಸಿ. ಅಡುಗೆಯವರನ್ನು ನಾನೇ ಕೇಳಿದ್ದೆ, ತಮಗೆ ಯಾವ ತೊಂದರೆಯೂ ಇಲ್ಲ ಎಂದಿದ್ದರು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಚಿತ್ರಕಲಾ ಶಿಕ್ಷಕಿ, ಮೈಸೂರು

ಲಗತ್ತುಗಳು: ಹಣ ಪಾವತಿಯ ಎರಡು ರಸೀದಿ, ಕೈಪಿಡಿಯ ಪ್ರತಿ, ಕಾಗದ ಮತ್ತು ಈಸೆಲ್‌ಗಳ ಛಾಯಾಚಿತ್ರ, ಸಹಪ್ರಯಾಣಿಕರ ಹೇಳಿಕೆ, ಬ್ರಿಯಾರ್ ಚಿತ್ರದ ಪ್ರತಿ